ಗುಡುಗವ್ವನ ಮೊದಲ ಮನೆಯವರಿಗೆ

ನೇಕಾರ ಓಣಿ, ಬೆಟಗೇರಿ
ಗಾಳಿಯೆಣಿಕೆ ತೊಂಬತ್ತೇಳು, ಕಾರ್ತಿಕದ ನಲವತ್ತೊಂದನೆಯ ದಿನ

ಮಾನ್ಯರೇ,

ಮೇಲಿನ ದಿನಾಂಕವನ್ನು ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳು ಚಂದ್ರನನ್ನು ಕೇಳಿ ಮುಗಿಯುವುದಿಲ್ಲ, ಗಾಳಿಯನ್ನು ಕೇಳಿ ಮುಗಿಯುತ್ತದೆ. ಮೂಡಗಾಳಿ ಬಂದು ಕಪ್ಪತಗುಡ್ಡದ ಮೇಲಿನ ಗಾಳಿಕಂಬಗಳು ತಿರುಗುವವರೆಗೆ ಕಾರ್ತಿಕ ಕಳೆಯಿತೆಂದು ಯಾರೂ ಸಾರುವುದಿಲ್ಲ. ಈ ವರ್ಷ ಅದು ನಲವತ್ತು ದಾಟಿದೆ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ. ನಿಮ್ಮ ಕಾಲದ ಪದಗಳನ್ನು ನಾನು ತಪ್ಪಾಗಿ ಬಳಸಲೂಬಹುದು. ಎರಡನ್ನೂ ಮನ್ನಿಸಿ. ಶಾಲೆಯಲ್ಲಿ ನಾನು ಕಲಿತದ್ದು ಅಳತೆ ಮತ್ತು ನೇಯ್ಗೆ, ಅಷ್ಟೇ. ಉಳಿದದ್ದೆಲ್ಲ ಉಪ್ಪಿನ ಬಂಡಿಯ ಜೊತೆ ಬರುವ ಕರಪತ್ರಗಳಿಂದ ನಾನೇ ಓದಿಕೊಂಡದ್ದು.

ನಮ್ಮಲ್ಲೊಂದು ಪದ್ಧತಿ ಇದೆ. ಹಳೆಯ ಕಾಲದ ಯಾವುದೇ ವಸ್ತುವಿನ ಒಡಲನ್ನು ಬಿಚ್ಚಿದವರು, ಮತ್ತೆ ಮುಚ್ಚುವ ಮೊದಲು, ಆ ವಸ್ತು ಮೊದಲು ಬಾಳಿದ ಮನೆಯವರಿಗೆ ಒಂದು ಪತ್ರ ಬರೆದು ಒಳಗೆ ಇಡಬೇಕು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ನಿಮಗೆ ತಲುಪುತ್ತದೆಂದು ಯಾರೂ ನಂಬಿಲ್ಲ. ಹಾಗಂತ ಬರೆಯುವುದನ್ನು ಬಿಟ್ಟವರೂ ಇಲ್ಲ. ಹೆಚ್ಚಿನವರು ಎರಡು ಸಾಲಿನಲ್ಲಿ ಮುಗಿಸುತ್ತಾರೆ: ನಿಮ್ಮ ಹೊಲಿಗೆ ಯಂತ್ರ ಗಟ್ಟಿಯಾಗಿದೆ, ಪಟ್ಟಿ ಬದಲಿಸಿದ್ದೇವೆ, ಶರಣು. ನನ್ನ ಪತ್ರ ಎರಡು ಸಾಲಿನಲ್ಲಿ ಮುಗಿಯಲಿಲ್ಲ. ಎರಡು ತಿಂಗಳಿಂದ ಬರೆಯುವುದನ್ನು ಮುಂದೂಡಿದ್ದೇನೆ. ನಿಮ್ಮ ಬಟ್ಟೆ ತೊಳೆಯುವ ಯಂತ್ರ ಅಷ್ಟೂ ದಿನ ಬೆನ್ನು ತೆರೆದುಕೊಂಡೇ ಓಡುತ್ತಿದೆ.

ಹೌದು, ಅದು ಇನ್ನೂ ಓಡುತ್ತಿದೆ. ನಿಮ್ಮ ಮನೆಯಿಂದ ಹೊರಬಿದ್ದ ಮೇಲೆ ಅದು ಎಷ್ಟೋ ದಶಕ ಹಳೆಯ ಕಸದ ಗುಡ್ಡದೊಳಗೆ ಹೂತುಹೋಗಿತ್ತು. ಗುಡ್ಡವನ್ನು ಅಗೆದಾಗ ಖಾಜೇಸಾಬ ಕಾಕಾ ಅವರ ತಂದೆ ಅದನ್ನು ಎಳೆದು ತಂದರು. ಖಾಜೇಸಾಬ ಕಾಕಾ ನಮ್ಮ ಓಣಿಯ ಕೀಲುಗಾರರು. ನಮ್ಮಲ್ಲಿ ಕೀಲುಗಾರ ಎಂದರೆ ಯಾವ ಯಂತ್ರವನ್ನಾದರೂ ಬಿಚ್ಚಿ ಸರಿಮಾಡುವವನು. ಯಂತ್ರದ ಬುದ್ಧಿಹಲಗೆ, ಅಂದರೆ ಹಸಿರು ಬಣ್ಣದ ಆ ಚಿಕ್ಕ ಹಲಗೆ, ಆಗಲೇ ಸತ್ತಿತ್ತು. ಅದರ ಜಾಗದಲ್ಲಿ ಈಗ ಕೈಯಿಂದ ಒತ್ತುವ ಮೂರು ಗುಂಡಿಗಳೂ ಒಂದು ಮರಳು ಗಡಿಯಾರವೂ ಇವೆ. ಬಾಗಿಲ ಸುತ್ತಿನ ರಬ್ಬರು ಹರಿದದ್ದರಿಂದ ಹಳೆಯ ಟೈರಿನ ಟ್ಯೂಬನ್ನು ಕತ್ತರಿಸಿ ಹೊಲಿದಿದ್ದಾರೆ. ದುಂಡು ಗಾಜು ಮಾತ್ರ ನಿಮ್ಮದೇ. ಹಿಂಡುವ ಸುತ್ತು ಶುರುವಾದರೆ ಓಣಿಯ ಕೊನೆಯವರೆಗೆ ಗುಡುಗು ಕೇಳಿಸುತ್ತದೆ. ಅದಕ್ಕೇ ನಮ್ಮವರು ಅದನ್ನು ಗುಡುಗವ್ವ ಎಂದು ಕರೆದರು. ನಾನು ಹುಟ್ಟುವ ಹತ್ತು ವರ್ಷ ಮೊದಲಿನಿಂದಲೂ ಅದು ನಮ್ಮ ಬಟ್ಟೆ ತೊಳೆಯುತ್ತಿದೆ. ನನಗೀಗ ಇಪ್ಪತ್ತೊಂದು.

ನಲವತ್ತೆರಡು ಮನೆಗಳಿಗೆ ಒಂದೇ ತೊಳೆಮನೆ. ವಿದ್ಯುತ್ತು ಗಾಳಿಪಾಳಿಯ ಪ್ರಕಾರ ಬರುತ್ತದೆ: ಗಾಳಿಗಾಲದಲ್ಲಿ ಓಣಿಗೆ ದಿನಕ್ಕೆ ನಾಲ್ಕು ತಾಸು, ಗಾಳಿ ಬಿದ್ದಾಗ ನಾಲ್ಕು ದಿನಕ್ಕೊಂದು ತಾಸು. ನೀರಿಗೂ ಕಟ್ಟುನಿಟ್ಟಿದೆ. ಒಂದು ಮನೆಯ ಬಟ್ಟೆಯನ್ನು ಜಾಲಿಸಿದ ನೀರು ಮುಂದಿನ ಮನೆಯ ಬಟ್ಟೆಗೆ ಮೊದಲ ನೀರಾಗುತ್ತದೆ, ಕೊನೆಯದು ಹಿತ್ತಿಲ ಪುಂಡಿಪಲ್ಲೆಯ ಮಡಿಗೆ ಹೋಗುತ್ತದೆ. ಸಾಬೂನು ಸಿಗುವುದು ಅಪರೂಪ. ಅಂಟವಾಳದ ಕಾಯಿಯನ್ನು ಚೀಲದಲ್ಲಿ ಕಟ್ಟಿ ಯಂತ್ರದೊಳಗೆ ಹಾಕುತ್ತೇವೆ, ಕೈಯಲ್ಲಿ ಒಗೆಯುವಾಗ ಕ್ಷಾರ ತುಂಬಿದ ಚೌಳು ಮಣ್ಣು. ಮನೆಯ ಬಟ್ಟೆಗಿಂತ ಮೊದಲ ಪಾಳಿ ಯಾವಾಗಲೂ ಆರು ಹಾಸಿಗೆಯ ಮನೆಯದು. ಸುತ್ತಲಿನ ಐದು ಓಣಿಗಳ ಬಾಣಂತಿಯರೂ ಕಾಯಿಲೆಯವರೂ ಅಲ್ಲಿ ಮಲಗುತ್ತಾರೆ. ಅವರ ದುಪ್ಪಟಿಗಳು ಆ ದಿನವೇ ಒಗೆದು ಆ ದಿನವೇ ಒಣಗಬೇಕು. ತೊಳೆಮನೆಯ ಹೊಣೆ ನನ್ನ ದೊಡ್ಡವ್ವ ತುಂಗವ್ವನದು.

ಅವಳು ನನ್ನ ಅವ್ವನ ಅಕ್ಕ. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು; ಈಗ ನಾನು ಅದೇ ಓಣಿಯಲ್ಲಿ ಅವ್ವನ ಮನೆಯಲ್ಲಿ ಬೇರೆ ಇದ್ದೇನೆ. ಅವಳ ಉದ್ಯೋಗ ಎಳೆ ಜೋಡಿಸುವುದು. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದ ಎಳೆಗಳ ಒಂದು ಕಟ್ಟು, ಮುಗಿದಾಗ ಅದರ ಪ್ರತಿಯೊಂದು ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಬೂದಿ ಹಚ್ಚಿದ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೊಸೆದು ಕೂಡಿಸಬೇಕು. ಒಂದು ಸೀರೆಯ ಹಾಸಿನಲ್ಲಿ ಎರಡು ಸಾವಿರಕ್ಕೂ ಮೇಲೆ ಎಳೆ. ದೊಡ್ಡವ್ವ ಅಷ್ಟನ್ನೂ ಒಂದು ಹಗಲಿನಲ್ಲಿ ಮುಗಿಸುತ್ತಿದ್ದಳು, ಕಣ್ಣು ಬೇರೆ ಕಡೆ ಇಟ್ಟು, ಬೈಗುಳವೂ ಹಾಡೂ ಬೆರೆಸಿಕೊಂಡು. ಬೆಟಗೇರಿಯಲ್ಲಿ ಅವಳಷ್ಟು ಬೇಗ ಜೋಡಿಸುವವರು ಇನ್ನೊಬ್ಬರಿರಲಿಲ್ಲ.

ಕಳೆದ ಆಷಾಢದಲ್ಲಿ ಗುಡುಗವ್ವನ ಸದ್ದು ಬದಲಾಯಿತು. ಗುಡುಗಿನ ಜೊತೆ ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು. ದುಪ್ಪಟಿಗಳ ಮೇಲೆ ತುಕ್ಕಿನ ಕಲೆ ಬಂತು. ಖಾಜೇಸಾಬ ಕಾಕಾ ಬಾಗಿಲು ತೆರೆದು ಒಳಗಿನ ಉಕ್ಕಿನ ತೊಟ್ಟಿಯನ್ನು ಕೈಯಿಂದ ಅಲುಗಿಸಿ ನೋಡಿದರು. ಅದು ಸಡಿಲವಾದ ಹಲ್ಲಿನಂತೆ ಆಡಿತು. ಬೇರಿಂಗು ಹೋಗಿತ್ತು. ಬೇರಿಂಗಿಗೆ ಕೈ ತಲುಪಬೇಕಾದರೆ ಹೊರಗಿನ ಪ್ಲಾಸ್ಟಿಕ್ ತೊಟ್ಟಿಯನ್ನು ಎರಡು ಭಾಗ ಮಾಡಬೇಕು. ಕಾಕಾ ದೀಪ ಹಿಡಿದು ಸುತ್ತಲೂ ಹುಡುಕಿ ಹಿಂದೆ ಸರಿದು ಕುಳಿತರು.

"ಇದನ್ನ ಕೂಡಿಸಿದಾವ ಮತ್ತ ಯಾರೂ ಬಿಚ್ಚಬಾರದಂತನ ಕೂಡಿಸ್ಯಾನ ನೋಡವಾ. ಒಂದ ತಿರುಪ ಇಲ್ಲ. ಕಾಯಿಸಿ ಮೆತ್ತ್ಯಾನ."

ಅದೇ ವಾರ ಜಿಲ್ಲೆಯಿಂದ ಮುಚ್ಚುಪೆಟ್ಟಿಗೆಯ ಮಾತು ಬಂತು. ಮುಚ್ಚುಪೆಟ್ಟಿಗೆ ಎಂದರೆ ಕಡಲ ಕಡೆಯ ಕಾರ್ಖಾನೆಯಲ್ಲಿ ಒಂದೇ ಎರಕದಲ್ಲಿ ಹೊಯ್ದ ಬಿಳಿಯ ತೊಳೆಯಂತ್ರ. ಮೈಮೇಲೆ ಎಲ್ಲಿಯೂ ಜೋಡಣೆ ಕಾಣದು. ಸದ್ದಿಲ್ಲದೆ ಒಂಬತ್ತು ವರ್ಷ ಓಡಿ ಹತ್ತನೆಯ ವರ್ಷ ತಾನಾಗಿ ನಿಲ್ಲುತ್ತದೆ. ಆಮೇಲೆ ಅವರೇ ಒಯ್ದು ಇನ್ನೊಂದು ಕೊಡುತ್ತಾರೆ, ಕೊಡುವ ಮನಸ್ಸಿದ್ದರೆ. ಅದು ಬೇಕಾದರೆ ಹಳೆಯ ಯಂತ್ರವನ್ನು ಕರಗಿಸಲು ಒಪ್ಪಿಸಬೇಕು. ಹೂಂ ಎಂದರೆ ನಾಲ್ಕು ದಿನಕ್ಕೆ ಹೊಸದನ್ನು ಹೊತ್ತ ಬಂಡಿ ಬರುತ್ತಿತ್ತು.

ನನಗೆ ಸಿಟ್ಟು ಬಂತು. ಹನ್ನೊಂದು ಕರಪತ್ರಗಳು ನನಗೆ ಬಾಯಿಪಾಠ. 'ಒಳಗೆ ಕೈ ಹೋಗದ ವಸ್ತುವಿಗೆ ಮನೆಯಲ್ಲಿ ಜಾಗವಿಲ್ಲ' ಎಂಬ ಸಾಲನ್ನು ನಮ್ಮ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದೆ. ನಿಮ್ಮ ಕಾಲ ಹೇಗೆ ಮುಳುಗಿತೆಂದು ಆ ಕರಪತ್ರಗಳಲ್ಲಿದೆ: ಒಂದು ಚಿಕ್ಕ ಉಂಗುರ ಸವೆದರೆ ಇಡೀ ಯಂತ್ರವನ್ನು ಹೊರಗೆ ಹಾಕಿದಿರಿ, ಕಸ ಗುಡ್ಡವಾಯಿತು, ಗುಡ್ಡ ಕೆರೆಗೆ ಇಳಿಯಿತು. ಅದೇ ಗುಡ್ಡವನ್ನು ಅಗೆದು ಬದುಕುವ ನಾವು ಮತ್ತೆ ಅದೇ ದಾರಿ ಹಿಡಿಯಬೇಕೇ? ಹೀಗೆ ಕೇಳುತ್ತ ಮನೆ ಮನೆ ತಿರುಗಿದೆ.

ಇಂಥ ಸಂಗತಿಗಳನ್ನು ನಾವು ಒದ್ದೆಗೈಯಲ್ಲಿ ತೀರ್ಮಾನಿಸುತ್ತೇವೆ. ತೊಳೆಮನೆಯ ಮುಂದೆ ಒಂದು ಕರಿಕಲ್ಲಿನ ಹಾಸು ಇದೆ. ಆ ತಿಂಗಳಲ್ಲಿ ಬಟ್ಟೆ ಒಗೆದವರಿಗೆ ಮಾತ್ರ ಅಲ್ಲಿ ಮಾತು. ಅವರು ಕೈಯನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎಡಕ್ಕೋ ಬಲಕ್ಕೋ ಅಂಗೈ ಒತ್ತುತ್ತಾರೆ; ಗುರುತು ಆರುವ ಮೊದಲು ಎಣಿಸಬೇಕು. ಯಂತ್ರದ ವಿಷಯವನ್ನು ಯಂತ್ರದ ಹತ್ತಿರ ಬಾರದವರು ತೀರ್ಮಾನಿಸಬಾರದೆಂದು ಹಿರಿಯರು ಮಾಡಿದ ಕಟ್ಟಳೆ ಇದು. ಬಹಳ ಒಳ್ಳೆಯ ಕಟ್ಟಳೆ. ಅದನ್ನು ಕೆಡಿಸಿದವಳು ನಾನು.

ಎಷ್ಟು ಒಗೆದಿರಬೇಕು ಎಂದು ಕಟ್ಟಳೆ ಹೇಳಿರಲಿಲ್ಲ. ಸಭೆಯ ದಿನ ಬೆಳಿಗ್ಗೆ ನನ್ನ ಓರಗೆಯ ಹದಿನಾಲ್ಕು ಜನರನ್ನು ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರೂ ಒಂದೊಂದು ಟವೆಲ್ ಒಗೆದರು. ಕೆಲವರು ನಗುತ್ತಿದ್ದರು. ನಾನು ನಗಲಿಲ್ಲ, ದೊಡ್ಡ ಕೆಲಸಕ್ಕೆ ಇಷ್ಟು ಚಿಕ್ಕ ಉಪಾಯ ತಪ್ಪಲ್ಲವೆಂದು ನಂಬಿದ್ದೆ. ನನ್ನ ಕೈಯೂ ಆ ತಿಂಗಳು ಒದ್ದೆಯಾದದ್ದು ಆವತ್ತೇ ಮೊದಲು.

ಸಭೆಯಲ್ಲಿ ನಾನು ಸ್ವಾತಂತ್ರ್ಯದ ಬಗ್ಗೆ ಬಹಳ ಹೊತ್ತು ಮಾತಾಡಿದೆ. ಮುಗಿದ ಮೇಲೆ ದೊಡ್ಡವ್ವ ಎದ್ದು ನಿಂತಳು.

"ಯವ್ವಾ ನೀಲಾ, ಚಲೋ ಮಾತಾಡಿದಿ. ನೀ ಓದಿದ ಹಾಳ್ಯಾಗ ಬಾಣಂತಿ ದುಪ್ಪಟಿ ಯಾರ ತಿಕ್ಕಬೇಕಂತ ಬರದಾರೇನ?"

ಎಲ್ಲರೂ ನಕ್ಕರು. ಹಿಂದಿನಿಂದ ಒಬ್ಬರು "ಸ್ವಾತಂತ್ರ್ಯ ಕುದಿಸಿ ಹಾಕಿದ್ರ ಕಲೆ ಹೋಗ್ತಾವ ಬಿಡು!" ಎಂದರು.

"ಯಂತ್ರ ರಿಪೇರಿ ಆಗೂತನಾ ಎಲ್ಲಾರೂ ಕೂಡಿ ಒಗಿಯೂಣು, ದೊಡ್ಡವ್ವ," ಎಂದೆ.

"ಎಲ್ಲಾರೂ ಅಂದ್ರ ಯಾರೂ ಅಲ್ಲ, ಮಗಳ. ಹೆಸರ ಹೇಳು."

"ನನ್ನ ಹೆಸರ ಬರಕೋ."

"ಬರಕೊಂಡೆ," ಎಂದು ಅವಳು ಕುಳಿತಳು.

ರಿಪೇರಿಗೆ ಎಡಗಡೆ ಇಪ್ಪತ್ಮೂರು ಅಂಗೈ ಬಿದ್ದವು, ಹೊಸದಕ್ಕೆ ಬಲಗಡೆ ಹದಿನಾರು. ಹದಿನಾಲ್ಕು ಟವೆಲ್ಲುಗಳನ್ನು ಕಳೆದರೆ ನಮ್ಮ ಕಡೆ ಎಷ್ಟು ಉಳಿಯುತ್ತಿತ್ತೆಂದು ನೀವೇ ಲೆಕ್ಕ ಹಾಕಿ. ಬಿಸಿಲಿಗೆ ಗುರುತುಗಳು ಒಂದೊಂದಾಗಿ ಆರಿದವು. ಕೊನೆಯವರೆಗೆ ಉಳಿದದ್ದು ಬಲಗಡೆಯ ಒಂದು ಅಂಗೈ. ಅದು ದೊಡ್ಡವ್ವನದು. ಮೂವತ್ತು ವರ್ಷ ನೀರಿನಲ್ಲಿದ್ದ ಕೈ, ಹೆಚ್ಚು ನೀರು ಹಿಡಿದಿತ್ತು.

ಮರುದಿನ ಕಾಕಾ ಮತ್ತು ನಾನು ಕೆಲಸ ಶುರುಮಾಡಿದೆವು. ಹಿಂದಿನ ತಗಡು ತೆಗೆದಾಗ ಅದರ ಒಳಮೈಗೆ ಅಂಟಿಸಿದ ಒಂದು ಚೀಟಿ ಸಿಕ್ಕಿತು. ನಿಮ್ಮ ಕಾಲದ ರಿಪೇರಿಯವರ ಕೈಬರಹ. ಶಾಯಿ ಮಾಸಿದ್ದರೂ ಓದಲು ಬರುತ್ತಿತ್ತು: 'ಬೇರಿಂಗ್ ಸದ್ದು. ತೊಟ್ಟಿ ಬಿಚ್ಚಲು ಬರುವುದಿಲ್ಲ, ಪೂರ್ತಿ ಬದಲಿಸಬೇಕು. ಮನೆಯವರು ಸದ್ಯಕ್ಕೆ ಬೇಡ ಎಂದರು.' ಅಂದರೆ ನಾವು ಹೆಸರಾಗಿ ಕರೆಯುತ್ತಿದ್ದ ಆ ಗುಡುಗು ನಿಮ್ಮ ಮನೆಯಲ್ಲೇ ಹುಟ್ಟಿತ್ತು. ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಚೀಟಿಯನ್ನು ಹರಿಯಲು ಹೋದೆ. ಕಾಕಾ ಕೈ ಹಿಡಿದರು.

"ಅವರ ಮ್ಯಾಲ ಯಾಕ ಸಿಟ್ಟ ಮಾಡ್ತಿ? ಒಂದ ಉಂಗರ ಸವದೈತಿ, ಮನಿ ಕೆಡವಿ ಕಟ್ರಿ ಅಂದ್ರ ಯಾರ ಹೂಂ ಅಂತಾರ? ಮೆತ್ತಿದಾವನ್ನ ಕೇಳಬೇಕಿತ್ತ. ಆದ್ರ ಅಂವ ಯಾವತ್ತೂ ಮನೀ ಬಾಗಲಿಗೆ ಬಂದಾವಲ್ಲ."

ತೊಟ್ಟಿಯನ್ನು ಗರಗಸದಿಂದ ಸುತ್ತಲೂ ಕೊಯ್ದೆವು. ನಾಲ್ಕು ಬೆರಳಗಲ ಕೊಯ್ಯಲು ಅರ್ಧ ದಿನ. ಗರಗಸ ಬಿಸಿಯಾದರೆ ಪ್ಲಾಸ್ಟಿಕ್ ಕರಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಒಳಗಿನ ಬೇರಿಂಗಿನ ಗುಂಡುಗಳು ಪುಡಿಯಾಗಿದ್ದವು. ಅದರ ಅಳತೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸರಿಹೊಂದುವ ಇನ್ನೊಂದನ್ನು ಹುಡುಕಿ ಕಾಕಾ ಮುಂಡರಗಿಯವರೆಗೆ ನಡೆದು ಹೋದರು; ಬಿದ್ದ ಗಾಳಿಕಂಬದ ಚಿಕ್ಕ ಮೋಟಾರಿನೊಳಗೆ ಅದು ಸಿಕ್ಕಿತು. ತೊಟ್ಟಿಯ ಎರಡು ಅಂಚುಗಳಿಗೆ ಇಪ್ಪತ್ತೆರಡು ತೂತು ಕೊರೆದು, ನಡುವೆ ರಬ್ಬರಿನ ಎಳೆ ಹಾಕಿ, ತಿರುಪುಗಳಿಂದ ಬಿಗಿಯಬೇಕಿತ್ತು.

ನಾನು ಮೊದಲ ಎಂಟು ದಿನ ಒಗೆದೆ. ಆಮೇಲೆ ಗರಗಸ ಹಿಡಿಯಲು ಕಾಕಾ ಅವರಿಗೆ ಜೊತೆ ಬೇಕೆಂದು ಹೇಳಿ ಬಿಟ್ಟೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ ನಾನು ನನ್ನ ಮೊದಲ ಕರಪತ್ರ ಬರೆಯುತ್ತಿದ್ದೆ. ನಮ್ಮ ಓಣಿ ಮುಚ್ಚುಪೆಟ್ಟಿಗೆಯನ್ನು ಹೇಗೆ ಹಿಂದೆ ಕಳಿಸಿತೆಂದು ಗದಗಿನಿಂದ ಕಾರವಾರದವರೆಗೆ ಜನ ಓದಬೇಕೆಂಬ ಆಸೆ. ಟವೆಲ್ ಒಗೆದ ಹದಿನಾಲ್ಕು ಜನರಲ್ಲಿ ಒಬ್ಬನಿಗೆ ಗಾಳಿಕಂಬದ ಕೆಲಸ ಸಿಕ್ಕಿತು, ಒಬ್ಬಳಿಗೆ ಪರೀಕ್ಷೆ ಬಂತು, ಇಬ್ಬರಿಗೆ ಬೆನ್ನು ನೋವು. ಯಾರೂ ಕೆಟ್ಟವರಲ್ಲ. ಅವರಿಗೆಲ್ಲ ಕಾರಣವಿತ್ತು.

ಯಂತ್ರ ನಿಂತಾಗ ಅದರ ಕೆಲಸ ನಿಲ್ಲುವುದಿಲ್ಲ. ಇಳಿಜಾರಿನ ನೀರಿನ ಹಾಗೆ ಹಳೆಯ ಕಾಲುವೆ ಹುಡುಕಿಕೊಂಡು ಹರಿಯುತ್ತದೆ. ಹಿಂದೆ ಒಂದು ಜಾತಿಯವರ ಬೆನ್ನ ಮೇಲೆ, ಪ್ರತಿ ಮನೆಯಲ್ಲಿ ಒಬ್ಬ ಹೆಂಗಸಿನ ಬೆನ್ನ ಮೇಲೆ ಅದು ಹರಿದಿತ್ತು. ಆ ಕಾಲುವೆಯನ್ನು ನಾವು ಮುಚ್ಚಿದ್ದೇವೆ ಎಂದು ನನ್ನ ಕರಪತ್ರದಲ್ಲಿ ಬರೆದಿದ್ದೆ. ನಮ್ಮ ತೊಳೆಮನೆಯ ಹಿಂದೆ, ಕಲ್ಲಿನ ಮೇಲೆ, ದೊಡ್ಡವ್ವ ಒಬ್ಬಳೇ ಕುಳಿತು ಆರು ಹಾಸಿಗೆಯ ದುಪ್ಪಟಿಗಳನ್ನು ಚೌಳು ಮಣ್ಣಿನಲ್ಲಿ ತಿಕ್ಕುತ್ತಿದ್ದಾಗ ಬರೆದ ಸಾಲು ಅದು.

ಶ್ರಾವಣದಲ್ಲಿ ಐದೂ ಓಣಿಗಳಿಗೆ ಭೇದಿ ಬಂತು. ಆರು ಹಾಸಿಗೆಯ ಮನೆಯಲ್ಲಿ ನೆಲದ ಮೇಲೂ ಜನ ಮಲಗಿದರು. ಅಷ್ಟರಲ್ಲಿ ನಮ್ಮ ಕೆಲಸ ಮುಗಿಯುತ್ತ ಬಂದಿತ್ತು. ಉಪ್ಪಿನ ಬಂಡಿ ಹೊರಡುವ ಮೊದಲು ಕರಪತ್ರದ ಕೊನೆಯ ಸಾಲು 'ಯಂತ್ರ ಓಡಿತು' ಎಂದಾಗಬೇಕೆಂದು ನನಗೆ ಅವಸರ. ಕಾಕಾ ಊಟಕ್ಕೆ ಹೋದಾಗ ತಿರುಪುಗಳನ್ನು ನಾನೇ ಬಿಗಿದೆ. ಸೋರಬಾರದೆಂದು ಪ್ರತಿಯೊಂದನ್ನೂ ಇನ್ನರ್ಧ ಸುತ್ತು ತಿರುಗಿಸಿದೆ. ಹತ್ತೊಂಬತ್ತನೆಯದಕ್ಕೆ ಅಂಚು ಟಪ್ಪೆಂದು ಸೀಳಿತು. ಸೀಳು ಮೂರು ತೂತುಗಳನ್ನು ದಾಟಿ ಹೋಯಿತು. ಕಾಕಾ ಬಂದು ನೋಡಿ, ಬೈಯದೆ ತಗಡು ಹುಡುಕಲು ಹೋದರು. ತೊಟ್ಟಿಗೆ ಸುತ್ತಲೂ ತಗಡಿನ ಪಟ್ಟಿ ಬಡಿದು ಕೂಡಿಸಲು ಇನ್ನೂ ಮೂವತ್ತೈದು ದಿನ ಬೇಕಾಯಿತು. ಹೊರಗೆ ವರ್ಷದ ಒಳ್ಳೆಯ ಗಾಳಿ ಬೀಸುತ್ತಿತ್ತು. ಗಾಳಿಪಾಳಿ ದಿನವೂ ಬಂದು ನಾಲ್ಕು ತಾಸು ತೊಳೆಮನೆಯ ದೀಪ ಹೊತ್ತಿಸಿ ಹೋಗುತ್ತಿತ್ತು. ಯಂತ್ರ ನೆಲದ ಮೇಲೆ ತುಂಡು ತುಂಡಾಗಿ ಬಿದ್ದಿತ್ತು.

ಎಪ್ಪತ್ಮೂರನೆಯ ದಿನ ಗುಡುಗವ್ವ ತಿರುಗಿತು, ಒಂದು ಹನಿ ಸೋರದೆ. ಗುಡುಗೂ ಇಲ್ಲ. ಇಡೀ ಓಣಿ ಬಾಗಿಲಲ್ಲಿ ನಿಂತು ಆ ಮೌನವನ್ನು ಕೇಳಿತು. ಕಾಕಾ ಅವರ ಕಣ್ಣು ತುಂಬಿತ್ತು. ಸರಿಮಾಡಿದ ಯಂತ್ರಕ್ಕೆ ಮೊದಲ ಬಟ್ಟೆ ಹಾಕುವುದು ತೊಳೆಮನೆಯ ಹೊಣೆ ಹೊತ್ತವರ ಹಕ್ಕು. ನಾನು ದೊಡ್ಡವ್ವನ ಮುಂದೆ ದುಪ್ಪಟಿ ಹಿಡಿದೆ. ಅವಳ ಕೈಗಳು ಸೆರಗಿನೊಳಗಿದ್ದವು.

"ನೀನ ಹಾಕು," ಎಂದಳು.

ಸಿಟ್ಟಿನಿಂದ ಹಾಗೆ ಹೇಳಿದಳೆಂದುಕೊಂಡೆ. ಎಲ್ಲರ ಮುಂದೆ ರಾಜಿಯಾಗಲೆಂದು ನಗುತ್ತ ಅವಳ ಕೈ ಹಿಡಿದು ಎಳೆದೆ.

"ಬಿಡ ನೀಲಾ. ನೋಯ್ತೈತಿ."

ಚೌಳು ಬೆರಳ ಸಂದುಗಳನ್ನು ತಿಂದಿತ್ತು. ಬಿರುಕುಗಳೊಳಗೆ ಭೇದಿಯ ಬಟ್ಟೆಯ ಹೊಲಸು ಇಳಿದು ಬಾವು ಬಂದಿತ್ತು. ಹಾಸಿಗೆಮನೆಯ ವೈದ್ಯೆ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಎರಡು ಸಲ ಕೊಯ್ದು ಕೀವು ತೆಗೆದಿದ್ದರು. ಗಾಯ ಮುಚ್ಚುತ್ತ ಬಂದಿತ್ತು, ಆದರೆ ಎರಡೂ ಬೆರಳುಗಳ ತುದಿಯಲ್ಲಿ ಅರಿವು ಸತ್ತಿತ್ತು. ಇದೆಲ್ಲ ಆದದ್ದು ನನ್ನ ಮನೆಯಿಂದ ಮೂರು ಬಾಗಿಲ ಆಚೆ.

"ನನಗ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಾಕ ಬಂದಿದ್ನೆವಾ, ಎಲ್ಡ ಸಲ. ನೀ ಬರ್ಯಾಕತ್ತಿದ್ದಿ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಬರೆಯುವ ಮಗಳನ್ನು ಎಬ್ಬಿಸಬಾರದೆಂದು ಬಾಗಿಲಿನಿಂದ ಹಿಂದಿರುಗಿದ್ದಳು.

ಆ ಬೆರಳುಗಳು ಇನ್ನು ಎಳೆ ಹೊಸೆಯುವುದಿಲ್ಲ. ಕಾರ್ತಿಕದ ಮೊದಲ ವಾರ ಅವಳು ಒಂದು ಹಾಸಿನ ಮುಂದೆ ಕುಳಿತು ನೋಡಿದಳು. ಎಳೆ ಬೆರಳ ನಡುವೆ ಇದೆಯೋ ಇಲ್ಲವೋ ತಿಳಿಯದೆ ಪ್ರತಿ ಸಲ ಕಣ್ಣಿನಿಂದ ಹುಡುಕಬೇಕಾಯಿತು. ನಲವತ್ತು ಎಳೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು, ಅದರಲ್ಲಿ ಹನ್ನೆರಡು ಬಿಚ್ಚಿಕೊಂಡವು. ಅವಳೇ ಬೂದಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದು ಬಂದಳು. ನನ್ನ ಕರಪತ್ರವನ್ನು ನಾನು ಬಂಡಿಗೆ ಕೊಡಲಿಲ್ಲ.

ಮುಂದಿನ ಸಭೆಯಲ್ಲಿ ಟವೆಲ್ಲುಗಳ ವಿಷಯ ನಾನೇ ಹೇಳಿದೆ. ಈಗ ಕಟ್ಟಳೆ ಬದಲಾಗಿದೆ: ತಿಂಗಳಿಡೀ ಒಗೆದವರಿಗೆ ಮಾತ್ರ ಮಾತು, ಮತ್ತು ರಿಪೇರಿಗೆ ಅಂಗೈ ಒತ್ತಿದವರು ಯಂತ್ರ ಓಡುವವರೆಗೆ ಹೆಸರು ಹಿಡಿದು ಪಾಳಿಯಲ್ಲಿ ಒಗೆಯಬೇಕು. ತೊಳೆಮನೆಯ ಹೊಣೆ ನನ್ನ ಮೇಲೆ ಬಂದಿದೆ. ದೊಡ್ಡವ್ವ ಹೊಸ್ತಿಲ ಮೇಲೆ ಕುಳಿತು ನಾನು ಹಾಕಿದ್ದನ್ನೆಲ್ಲ ನೋಡಿ, "ಅದನ್ನ ಇನ್ನೊಮ್ಮಿ ಜಾಲಿಸು. ಕೂಸಿನ ಮೈಗೆ ಹತ್ತೂ ಅರಿವಿ ಅದು," ಎನ್ನುತ್ತಾಳೆ. ನಾನು ಜಾಲಿಸುತ್ತೇನೆ. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಿಲ್ಲ. ಕೇಳಿದರೆ ಹೌದೆನ್ನುತ್ತಾಳೆ, ಅದು ಗೊತ್ತು, ಅದಕ್ಕೇ ಕೇಳಿಲ್ಲ.

ಹಾಗಾದರೆ ಮುಚ್ಚುಪೆಟ್ಟಿಗೆಯನ್ನೇ ತರಬೇಕಿತ್ತೇ? ಪಕ್ಕದ ಓಣಿಯವರು ತಂದರು. ಅದು ಕೆಟ್ಟಿತೆಂದು ಬರೆಯಲು ನನಗೆ ಬಹಳ ಆಸೆ, ಆದರೆ ಕೆಟ್ಟಿಲ್ಲ. ಚೆನ್ನಾಗಿ ಓಡುತ್ತಿದೆ. ಭೇದಿಯ ತಿಂಗಳಲ್ಲಿ ಅಲ್ಲಿ ಯಾರ ಕೈಯೂ ಒಡೆಯಲಿಲ್ಲ. ಹತ್ತನೆಯ ವರ್ಷ ಅದು ನಿಂತಾಗ ಅವರ ಬಳಿ ಅದನ್ನು ತೆರೆಯುವ ಒಬ್ಬ ಕೀಲುಗಾರನೂ ಉಳಿದಿರುವುದಿಲ್ಲ, ಇದನ್ನೂ ನಾನು ಇಂದಿಗೂ ನಂಬುತ್ತೇನೆ. ಗುಡುಗವ್ವ ಇನ್ನು ಐವತ್ತು ವರ್ಷ ಓಡುತ್ತದೆ. ಇಪ್ಪತ್ತೆರಡು ತಿರುಪು ತೆಗೆದರೆ ಯಾರು ಬೇಕಾದರೂ ಅರ್ಧ ದಿನದಲ್ಲಿ ಬೇರಿಂಗು ಬದಲಿಸಬಹುದು. ಅದರ ಅಳತೆಯನ್ನು ತಗಡಿನ ಮೇಲೆ ಕೊರೆದಿದ್ದೇವೆ. ನಾನು ಹಿಡಿದ ದಾರಿ ಸರಿಯಾಗಿತ್ತು. ಆ ದಾರಿಯಲ್ಲಿ ನನ್ನ ಬದಲು ಬೇರೊಬ್ಬಳನ್ನು ನಡೆಸಿದೆ. ಈ ಎರಡು ವಾಕ್ಯಗಳಲ್ಲಿ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಎರಡು ತಿಂಗಳು ಬರೆಯಲಾಗದೆ ಕುಳಿತದ್ದು ಇದಕ್ಕೇ.

ಈಗ ನನ್ನ ವಿನಂತಿ. ಎಲ್ಲೋ ನಿಮ್ಮ ಕಾಲದಲ್ಲಿ, ಈ ಕ್ಷಣ, ಒಂದು ಮನೆಯ ಬಚ್ಚಲ ಪಕ್ಕದಲ್ಲಿ ಯಂತ್ರವೊಂದು ಮೊದಲ ಬಾರಿಗೆ ಗುಡುಗುತ್ತಿದೆ. ಮನೆಯವರು ಅದರ ಮುಂದೆ ನಿಂತು ಸರಿಮಾಡಿಸುವುದೋ ಹೊಸದು ತರುವುದೋ ಎಂದು ಮಾತಾಡುತ್ತಿದ್ದಾರೆ. ಅದಕ್ಕೆ ಎಷ್ಟು ವಯಸ್ಸಾಯಿತು, ಇನ್ನೆಷ್ಟು ವರ್ಷ ಬಾಳೀತು ಎಂದು ಎಣಿಸುತ್ತಿದ್ದಾರೆ. ಎಣಿಸಿ, ಅದು ಬೇಕು. ಸವೆದದ್ದು ಬರೀ ಬೇರಿಂಗಾದರೆ ಇವತ್ತೇ ಬಿಚ್ಚಿಸಿ. ಸದ್ಯಕ್ಕೆ ಬೇಡ ಎನ್ನಬೇಡಿ, ಆ ಸದ್ಯ ಬಹಳ ದೂರ ಬಂದು ಯಾರದೋ ಬೆರಳ ಮೇಲೆ ಬೀಳುತ್ತದೆ. ತೊಟ್ಟಿಯನ್ನು ಬಿಚ್ಚಲು ಬಾರದಂತೆ ಮೆತ್ತಿದ್ದರೆ ಮೆತ್ತಿದವರ ಬಾಗಿಲಿಗೆ ಹೋಗಿ, ಒಬ್ಬರೇ ಹೋಗಬೇಡಿ, ತಿರುಪು ಕೇಳಿ. ಅವರು ನಿಮ್ಮ ಕಾಲದಲ್ಲಿ ಜೀವಂತ ಇದ್ದಾರೆ. ನಮಗೆ ಅವರನ್ನು ಕೇಳುವ ಭಾಗ್ಯವಿಲ್ಲ. ಇದಾವುದೂ ಆಗದಿದ್ದರೆ ಹೊಸದನ್ನು ತನ್ನಿ. ನೋಯುವ ಕೈಗಳಿರುವ ಮನೆಗೆ ಯಂತ್ರ ತರುವುದನ್ನು ನಾನು ಪಾಪ ಎನ್ನಲಾರೆ, ಮೊದಲು ಎನ್ನುತ್ತಿದ್ದೆ.

ಆದರೆ ನಿಮ್ಮಲ್ಲಿ ಯಾರ ಮಾತಿನಿಂದ ತೀರ್ಮಾನವಾಗುತ್ತದೋ ಅವರಿಗೆ ಇದನ್ನು ಓದಿ ಹೇಳಿ. ಹಳೆಯದು ಸರಿಯಾಗುವವರೆಗೆ, ಇಲ್ಲವೇ ಹೊಸದು ಮನೆಗೆ ಬರುವವರೆಗೆ, ಎಷ್ಟು ದಿನವಾದರೂ, ಮನೆಯವರೆಲ್ಲರ ಬಟ್ಟೆಯನ್ನು ಆ ತೀರ್ಮಾನ ಮಾಡಿದವರೇ ಒಗೆಯಲಿ.

ಶರಣು.

ನೀಲಾಂಬಿಕೆ
ತುಂಗವ್ವನ ತಂಗಿಯ ಮಗಳು